ರಾತ್ರಿ ಕೈ ಜೋಮಿಗೆ ಬೆಲ್ಟ್ ಹಾಕಿದ್ದು, ನನ್ನ ಅನುಭವ

ಮಂಡ್ಯದಲ್ಲಿ ಮನೇಲೇ ಬ್ಲೌಸ್ ಹೊಲಿಯೋದು ನನ್ನ ಕೆಲಸ, ಮದುವೆ ಸೀಜನ್ ಬಂತು ಅಂದ್ರೆ ಕತ್ತರಿ ಕೆಳಗಿಡೋಕೇ ಆಗಲ್ಲ. ಹಂಗೇ ಬಲಗೈ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ರಾತ್ರಿ ಜೋಮು ಹಿಡಿದು ಎಚ್ಚರ ಆಗೋದು, ಎದ್ದು ಕೂತು ಕೈ ಒದರಿದ್ರೆ ಸ್ವಲ್ಪ ಸಲೀಸು. ಡಾಕ್ಟ್ರು ಮೊದಲು ಕೇಳಿದ್ದೇ ಕಿರುಬೆರಳಿಗೂ ಬರುತ್ತೇನಮ್ಮ ಅಂತ, ಇಲ್ಲ ಸಾರ್ ಅಂದೆ, ಪರೀಕ್ಷೆ ಮಾಡಿ ಕಾರ್ಪಲ್ ಟನಲ್ ಅಂದ್ರು. ಮಣಿಕಟ್ಟಲ್ಲಿರೋ ಇಕ್ಕಟ್ಟು ದಾರೀಲಿ ಬೆರಳು ಮಡಿಸೋ 9 ನಾರಿನ ಜೊತೆ ಮೀಡಿಯನ್ ಅನ್ನೋ ನರಾನೂ ನುಸೀಬೇಕಂತೆ, ಕೈ ಮೇಲಕ್ಕೋ ಕೆಳಕ್ಕೋ ಬಗ್ಗಿದ್ರೆ ಒಳಗೆ ಒತ್ತಡ ಏರಿ ಆ ನರ ಅದುಮಿ ಜೋಮು ಬರುತ್ತೆ, ನಿದ್ದೇಲಿ ಯಾರಿಗೆ ಗೊತ್ತಾಗುತ್ತೆ ಕೈ ಹೆಂಗಿದೆ ಅಂತ, ಅದಕ್ಕೇ ರಾತ್ರಿ ಮಣಿಕಟ್ಟು ಬಗ್ಗದಂಗೆ ಹಿಡಿಯೋ ಬೆಲ್ಟ್.

ಬರೀ ಎಲಾಸ್ಟಿಕ್ ಬಟ್ಟೆದು ತಗೋಬೇಡಿ, ಅದು ಕೈ ಬಗ್ಗೋದನ್ನ ತಡೆಯಲ್ಲ. ಒಳಗೆ ಅಲ್ಯೂಮಿನಿಯಂ ಪಟ್ಟಿ ಇರೋದು ಕೇಳಿ, ಎಡಗೈದೋ ಬಲಗೈದೋ ನೋಡ್ಕೊಳ್ಳಿ. ಆದ್ರೆ ಸುಮಾರು ಬೆಲ್ಟಲ್ಲಿ ಆ ಪಟ್ಟೀನ ಕೈ ಹಿಂದಕ್ಕೆ ಎತ್ತೋ ಹಂಗೆ ಬಗ್ಗಿಸಿರ್ತಾರೆ, ನಂದೂ ಹಂಗೇ ಇತ್ತು, ಹಾಕ್ಕೊಂಡು ಮಲಗಿದ್ರೂ ಜೋಮು ಜೋಮೇ. ಫಿಸಿಯೋ ಮೇಡಂ ಪಟ್ಟಿ ಹೊರಗೆಳೆದು ಮೇಜಿಗೆ ಒತ್ತಿ ನೆಟ್ಟಗೆ ಮಾಡಿ ಮತ್ತೆ ತೂರಿಸಿದ್ರು, ಮುಂಗೈ ಅಂಗೈ ಒಂದೇ ಸಾಲಿಗೆ ಬಂತು. ಅಷ್ಟೇ ಕಣ್ರೀ ಮಾಡಿದ್ದು. ಆಮೇಲೆ ನಿಧಾನಕ್ಕೆ, ಅಂದ್ರೆ ವಾರಗಟ್ಲೆ ಹಿಡೀತು, ನಿದ್ದೆ ಕೂಡಿ ಬಂತು.

ಕಟ್ಟಿದ್ಮೇಲೆ ಮುಷ್ಟಿ ಹಿಡಿಯೋಕೆ ಆಗ್ಬೇಕು, ಬೆರಳು ತಣ್ಣಗಾದ್ರೆ ಬಿಗಿ ಜಾಸ್ತಿ ಆಯ್ತು ಅಂತ. ಏಪ್ರಿಲ್ ಬೆವರಿಗೆ ಹಳೇ ಕಾಟನ್ ಸಾಕ್ಸ್ ತುದಿ ಕತ್ತರಿಸಿ ಒಳಗೆ ಹಾಕ್ತೀನಿ. ಅಂಟೋ ಪಟ್ಟಿಗೆ ದಾರದ ಎಳೆ ಎಲ್ಲಾ ಸಿಕ್ಕಾಕೊಂಡು ಹಿಡಿಯೋದೇ ಇಲ್ಲ, ಹಲ್ಲುಜ್ಜೋ ಹಳೇ ಬ್ರಷ್ಷಲ್ಲಿ ಕೆರೆದು ತೆಗೀಬೇಕು.

ನಮ್ಮತ್ತೆ 'ಹಗಲೊತ್ತೂ ಹಾಕ್ಕಳವ್ವ' ಅಂತಿದ್ರು, ನಾನು ಹಾಕಲ್ಲ. ಇಡೀ ದಿನ ಕಟ್ಟಿಟ್ರೆ ಕೈ ಬಿಗಿಯುತ್ತೆ, ಮಶೀನ್ ಮುಂದೆ ಮಣಿಕಟ್ಟು ಆಡದಿದ್ರೆ ಭುಜದಿಂದ ಎಳೆಯೋಕೆ ಹೋಗಿ ಅಲ್ಲೊಂದು ನೋವು.

ಬಾಣಂತಿ ನಾದಿನಿಗೂ ಕೈ ನೋವು ಅಂತ ನನ್ ಬೆಲ್ಟ್ ಕೇಳಿದ್ಲು, ಅವಳಿಗೆ ನೋಯೋದು ಹೆಬ್ಬೆರಳ ಬುಡದ ಪಕ್ಕ, ಮಗು ಎತ್ತುವಾಗ. ಅದು ಬೇರೆ ತೊಂದರೆ, ಹೆಬ್ಬೆರಳನ್ನೂ ಸೇರಿಸಿ ಹಿಡಿಯೋ ಬೆಲ್ಟೇ ಬೇಕು. ಜೋಮು ಹಗಲೂ ಬಿಡ್ತಿಲ್ಲ, ಸೂಜಿ ಕೈ ಜಾರುತ್ತೆ, ಹೆಬ್ಬೆರಳ ಕೆಳಗಿನ ಮಾಂಸ ಇಳಿದಂಗೆ ಕಾಣುತ್ತೆ ಅನ್ನೋರು ಬೆಲ್ಟ್ ನಂಬಿ ದಿನ ತಳ್ಳಬೇಡಿ, ಡಾಕ್ಟ್ರಿಗೆ ತೋರಿಸಿ ನರದ ಟೆಸ್ಟ್ ಬಗ್ಗೆ ಕೇಳಿ.