ಎನ್‌ಬಿಎ ಲಾಟರಿ ಮೋಸವೇ? ಡಬ್ಬಕ್ಕೆ ಚೀಟಿ ಹಾಕಿ ನೋಡಿದೆ

ನಾನಿರೋದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ರಟ್ಗರ್ಸ್ ವಿಶ್ವವಿದ್ಯಾಲಯ ನಮಗೆ ಪಕ್ಕದಲ್ಲೇ. 2024-25ರಲ್ಲಿ ಡಿಲನ್ ಹಾರ್ಪರ್ ಮತ್ತು ಏಸ್ ಬೇಲಿ ಇಬ್ಬರೂ ಅದರ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಿದ್ದರು. ಹಾಗಾಗಿ ಆ ವರ್ಷ ನಮ್ಮ ಕನ್ನಡದ ಗೆಳೆಯರ ಗುಂಪಿನಲ್ಲಿ ಬ್ಯಾಸ್ಕೆಟ್‌ಬಾಲ್ ಬಿಟ್ಟು ಬೇರೆ ಮಾತೇ ಇರಲಿಲ್ಲ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ತಂಡಗಳು ಪ್ರತಿವರ್ಷ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಮೊದಲ ಸರದಿಗಳು ಯಾರಿಗೆ ಅನ್ನೋದನ್ನು ಲಾಟರಿ ಎತ್ತಿ ತೀರ್ಮಾನಿಸುತ್ತಾರೆ. ಯಾರು ಮೊದಲು ಆಯ್ಕೆಯಾಗುತ್ತಾರೆ, ಯಾವ ತಂಡಕ್ಕೆ ಹೋಗುತ್ತಾರೆ, ಇದೇ ಚರ್ಚೆ. ಡ್ಯೂಕ್ ವಿಶ್ವವಿದ್ಯಾಲಯದ ಕೂಪರ್ ಫ್ಲ್ಯಾಗ್ ಮೊದಲಿಗ ಅನ್ನೋದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಜಗಳ ಇದ್ದದ್ದು ಅವನು ಯಾರ ಪಾಲಾಗಬೇಕು ಅನ್ನೋದರಲ್ಲಿ.

2025ರ ಮೇ 12ರಂದು ಲಾಟರಿ ನಡೆಯಿತು. ಶೇ. 1.8 ಅವಕಾಶವಷ್ಟೇ ಇದ್ದ ಡಲ್ಲಾಸ್ ಮ್ಯಾವೆರಿಕ್ಸ್ ಗೆದ್ದಿತು. ಅದಕ್ಕೆ ಮೂರು ತಿಂಗಳ ಹಿಂದೆ ತನ್ನ ತಾರೆ ಲೂಕಾ ಡಾನ್ಸಿಚ್‌ನನ್ನು ಲೇಕರ್ಸ್‌ಗೆ ಬಿಟ್ಟುಕೊಟ್ಟಿದ್ದ ತಂಡ ಅದು. 17 ಗೆದ್ದು 65 ಸೋತು ಎಲ್ಲರಿಗಿಂತ ಹಿಂದಿದ್ದ ಯೂಟಾ ಜಾಜ್ ಐದನೇ ಸ್ಥಾನಕ್ಕೆ ಬಿತ್ತು. "ಇದು ಫಿಕ್ಸ್, ಬಿಡು" ಅಂದರು ಗೆಳೆಯರು. ಸುಮ್ನೆ ವಾದ ಮಾಡುವ ಬದಲು ಲಾಟರಿಯನ್ನೇ ಮನೆಯಲ್ಲಿ ಆಡಿ ನೋಡೋಣ ಅಂತ ಹೊರಟೆ.

2025ರ ಲಾಟರಿಯ ನಿಯಮ ಕಷ್ಟದ್ದೇನಲ್ಲ. ಯಂತ್ರದಲ್ಲಿ 1ರಿಂದ 14ರವರೆಗಿನ ಸಂಖ್ಯೆ ಬರೆದ 14 ಪಿಂಗ್‌ಪಾಂಗ್ ಚೆಂಡುಗಳು ಇರುತ್ತವೆ. ನಾಲ್ಕು ಚೆಂಡು ತೆಗೆಯುತ್ತಾರೆ. ಯಾವ ಕ್ರಮದಲ್ಲಿ ಬಂದರೂ ಪರವಾಗಿಲ್ಲ. ಹೀಗೆ 1001 ಜೋಡಣೆಗಳು ಸಾಧ್ಯ. ಅದರಲ್ಲಿ 1000 ಜೋಡಣೆಗಳನ್ನು ಪ್ಲೇಆಫ್ (ಋತುವಿನ ಕೊನೆಯ ನಾಕೌಟ್ ಹಂತ) ತಲುಪದ 14 ತಂಡಗಳಿಗೆ ಮೊದಲೇ ಹಂಚಿರುತ್ತಾರೆ. 11, 12, 13, 14 ಒಟ್ಟಿಗೆ ಬಂದರೆ ಅದು ಯಾರದ್ದೂ ಅಲ್ಲ, ಮತ್ತೆ ತೆಗೆಯಬೇಕು. ಕೊನೆಯ ಮೂರು ತಂಡಗಳಿಗೆ, ಅಂದರೆ ಅತಿ ಹೆಚ್ಚು ಸೋತವರಿಗೆ, ತಲಾ 140, ಆಮೇಲಿನವಕ್ಕೆ 125, 105, 90, 75, 60, ಹೀಗೆ ಇಳಿಯುತ್ತಾ ಹದಿನಾಲ್ಕರಲ್ಲಿ ಅತಿ ಹೆಚ್ಚು ಗೆದ್ದ ತಂಡಕ್ಕೆ 5. ಹೀಗೆ ನಾಲ್ಕು ಸಲ ತೆಗೆದು ಮೊದಲ ನಾಲ್ಕು ಆಯ್ಕೆ ಯಾರಿಗೆ ಅಂತ ತೀರ್ಮಾನಿಸುತ್ತಾರೆ; ಉಳಿದ ಸ್ಥಾನಗಳು ಹೆಚ್ಚು ಸೋತವರಿಗೆ ಮೊದಲು.

ನಾನು 14 ಚೀಟಿ ಬರೆದು ಸ್ಟೀಲ್ ಡಬ್ಬಕ್ಕೆ ಹಾಕಿದೆ. ಜೋಡಣೆಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಮಾಡಿಕೊಂಡೆ. ಮಗಳು ಚೀಟಿ ಎತ್ತೋಳು, ನಾನು ಪಟ್ಟಿಯಲ್ಲಿ ಹುಡುಕೋನು. ಕೈ ಸೋತ ಮೇಲೆ ಸ್ಪ್ರೆಡ್‌ಶೀಟ್‌ನಲ್ಲಿ ಅದನ್ನೇ ಸಾವಿರಾರು ಸಲ ಓಡಿಸಿದೆ. ಆದರೆ ಡಬ್ಬದಿಂದ ಶುರು ಮಾಡಿದ್ದು ಒಳ್ಳೆಯದಾಯಿತು. ಎರಡನೇ ಸುತ್ತಿಗೆ ಬಂದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಬರೀ ಶೇಕಡಾವಾರು ಪಟ್ಟಿ ನೋಡುವವರಿಗೆ ಅದು ಕಾಣುವುದೇ ಇಲ್ಲ.

ಗೆದ್ದ ತಂಡದ ಜೋಡಣೆ ಮತ್ತೆ ಬಂದರೆ ಅದನ್ನು ಬಿಟ್ಟು ಇನ್ನೊಮ್ಮೆ ತೆಗೆಯುತ್ತಾರೆ. ಅಂದರೆ ಗೆದ್ದವರ ಪಾಲು ಲೆಕ್ಕದಿಂದ ಹೊರಗೆ ಹೋಗುತ್ತದೆ, ಉಳಿದವರ ಅವಕಾಶ ಏರುತ್ತದೆ. ಎಷ್ಟು ಏರುತ್ತದೆ ಅನ್ನೋದು ಗೆದ್ದವರು ಯಾರು ಅನ್ನೋದರ ಮೇಲೆ ನಿಂತಿದೆ. 140 ಜೋಡಣೆ ಇದ್ದ ತಂಡ ಗೆದ್ದರೆ ಉಳಿಯೋದು 860. ಆಗ ಜಾಜ್‌ನ ಅವಕಾಶ ಶೇ. 14ರಿಂದ 16.3ಕ್ಕೆ ಏರುತ್ತದೆ. ಆದರೆ ಗೆದ್ದದ್ದು 18 ಜೋಡಣೆ ಇದ್ದ ಡಲ್ಲಾಸ್. ಉಳಿದದ್ದು 982. ಅವಕಾಶ ಏರಿದ್ದು 14.3ಕ್ಕೆ ಮಾತ್ರ. ಆಮೇಲೆ 60 ಜೋಡಣೆಯ ಸ್ಯಾನ್ ಆಂಟೋನಿಯೊ ಬಂತು, ಜಾಜ್ 15.2ಕ್ಕೆ ಹೋಯಿತು. ಮೂರನೆಯದು 105ರ ಫಿಲಡೆಲ್ಫಿಯಾ, ಆಗ 17.1. ನಾಲ್ಕನೆಯದು ಷಾರ್ಲೆಟ್ ಹಾರ್ನೆಟ್ಸ್. ಸಣ್ಣ ಪಾಲಿನ ತಂಡಗಳು ಮೊದಲು ಗೆದ್ದದ್ದರಿಂದ ಜಾಜ್‌ಗೆ ಸಿಗಬೇಕಾದ ಏರಿಕೆಯೇ ಸಿಗಲಿಲ್ಲ. ಇದರಲ್ಲಿ ಯಾರ ಕೈವಾಡವೂ ಬೇಕಿಲ್ಲ.

ಇನ್ನು "ಕೊನೆಯ ತಂಡ ಯಾವತ್ತೂ ಗೆಲ್ಲಲ್ಲ" ಅನ್ನೋ ದೂರು. ಈ ಅವಕಾಶಗಳು ಜಾರಿಗೆ ಬಂದದ್ದು 2019ರಲ್ಲಿ. ಅಲ್ಲಿಂದ 2025ರವರೆಗಿನ ಏಳು ಲಾಟರಿಗಳಲ್ಲಿ ಅತಿ ಹೆಚ್ಚು ಸೋತ ತಂಡಕ್ಕೆ ಒಮ್ಮೆಯೂ ಮೊದಲ ಆಯ್ಕೆ ಸಿಕ್ಕಿಲ್ಲ, ನಿಜ. ಆದರೆ 0.86ನ್ನು ಏಳು ಸಲ ಗುಣಿಸಿ ನೋಡಿ. 0.35 ಬರುತ್ತದೆ. ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ವಿಚಿತ್ರ ಏನೂ ಇಲ್ಲ. ಕೊನೆಯ ಮೂರು ತಂಡಗಳನ್ನು ಒಟ್ಟಿಗೆ ತೆಗೆದುಕೊಂಡರೆ ಅವರ ಪಾಲು ಶೇ. 42, ಅಂದರೆ ಏಳರಲ್ಲಿ ಸುಮಾರು ಮೂರು ಗೆಲುವು. ನಿಜಕ್ಕೂ ಗೆದ್ದದ್ದು ನಾಲ್ಕು: 2020ರಲ್ಲಿ ಮಿನ್ನೆಸೋಟ, 2021ರಲ್ಲಿ ಡೆಟ್ರಾಯ್ಟ್, 2022ರಲ್ಲಿ ಒರ್ಲ್ಯಾಂಡೊ, 2023ರಲ್ಲಿ ಫ್ರಾನ್ಸ್‌ನ ಆಟಗಾರ ವಿಕ್ಟರ್ ವೆಂಬನ್ಯಾಮಾನನ್ನು ಪಡೆದ ಸ್ಯಾನ್ ಆಂಟೋನಿಯೊ. ಈ ಸಂಖ್ಯೆ ಹೇಳಿದಾಗ ಗುಂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹಾಗಾದರೆ ಎಲ್ಲ ಸರಿಯೇ? ಅಲ್ಲ. ಚೀಟಿ ಎತ್ತುವುದರಲ್ಲಿ ನನಗೆ ಮೋಸ ಕಾಣಲಿಲ್ಲ. ನನ್ನ ತಕರಾರು ಇರೋದು ಪಾಲು ಹಂಚಿದ ರೀತಿಯ ಮೇಲೆ. ಕೊನೆಯ ತಂಡ ಐದಕ್ಕೆ ಬೀಳುವ ಸಾಧ್ಯತೆ ಶೇ. 47.9. ಹೆಚ್ಚುಕಡಿಮೆ ಅರ್ಧ! ಡೆಟ್ರಾಯ್ಟ್ 2023ರಲ್ಲೂ 2024ರಲ್ಲೂ ಹೀಗೆಯೇ ಬಿತ್ತು. ಆ ಎರಡನೇ ವರ್ಷ ಅವರು ಸತತ 28 ಪಂದ್ಯ ಸೋತಿದ್ದರು. ಬೇಕಂತಲೇ ಸೋಲುವುದನ್ನು ತಡೆಯಲು 2019ರಲ್ಲಿ ಕೊನೆಯ ತಂಡದ ಪಾಲನ್ನು ತಗ್ಗಿಸಿದರು. ಅದೂ ಪೂರ್ತಿ ನಿಲ್ಲಲಿಲ್ಲ. 2023ರಲ್ಲಿ ತಮ್ಮ ಆಯ್ಕೆಯ ಸರದಿ ಕೈತಪ್ಪದಿರಲಿ ಅಂತ ಆಟಗಾರರನ್ನು ಹೊರಗೆ ಕೂರಿಸಿದ್ದಕ್ಕೆ ಡಲ್ಲಾಸ್‌ಗೆ 7.5 ಲಕ್ಷ ಡಾಲರ್ ದಂಡ ಬಿತ್ತು. 2025ರಲ್ಲಿ ತನ್ನ ಪ್ರಮುಖ ಆಟಗಾರ ಲೌರಿ ಮಾರ್ಕನೆನ್‌ನನ್ನು ಆಡಿಸದಿದ್ದಕ್ಕೆ ಯೂಟಾ ಒಂದು ಲಕ್ಷ ಡಾಲರ್ ಕಟ್ಟಿತು. ಬೇಕಂತ ಸೋಲುವವರಿಗೂ ಶಕ್ತಿಯಿಲ್ಲದೆ ಸೋಲುವವರಿಗೂ ಒಂದೇ ಬರೆ ಎಳೆದರೆ ಅದು ನ್ಯಾಯವೇ? ಡೆಟ್ರಾಯ್ಟ್‌ನ ಅಭಿಮಾನಿಗಳು ಏನು ತಪ್ಪು ಮಾಡಿದ್ದರು?

ಹಳೆಯ ಪದ್ಧತಿಗಳಲ್ಲೂ ಈ ಎಳೆದಾಟ ಇತ್ತು. 1984ರವರೆಗೆ ಪೂರ್ವ, ಪಶ್ಚಿಮ ವಿಭಾಗಗಳ ಕೊನೆಯ ತಂಡಗಳ ನಡುವೆ ಮೊದಲ ಆಯ್ಕೆಗಾಗಿ ನಾಣ್ಯ ಚಿಮ್ಮುತ್ತಿದ್ದರು. 1985ರಲ್ಲಿ ಏಳು ಲಕೋಟೆ, ಎಲ್ಲರಿಗೂ ಸಮಪಾಲು. ನ್ಯೂಯಾರ್ಕ್‌ಗೆ ಪ್ಯಾಟ್ರಿಕ್ ಯುಯಿಂಗ್ ಸಿಕ್ಕ. ಅತಿ ಹೆಚ್ಚು ಸೋತವರಲ್ಲಿ ಒಂದಾಗಿದ್ದ ಗೋಲ್ಡನ್ ಸ್ಟೇಟ್ ಏಳಕ್ಕೆ ಬಿತ್ತು. 1993ರಲ್ಲಿ 66ರಲ್ಲಿ ಒಂದೇ ಚೆಂಡು ಇದ್ದ ಒರ್ಲ್ಯಾಂಡೊ ಗೆದ್ದಾಗ ಪಾಲುಗಳನ್ನು ಕೊನೆಯ ತಂಡಗಳ ಕಡೆಗೆ ವಾಲಿಸಿದರು. 2019ರಲ್ಲಿ ಮತ್ತೆ ಹಿಂದಕ್ಕೆ ಎಳೆದರು.

ನನ್ನ ಸ್ಪ್ರೆಡ್‌ಶೀಟ್‌ನಲ್ಲಿ ಈಗ ಇನ್ನೊಂದು ಹಾಳೆ ಇದೆ. ಪಾಲುಗಳು ಹಾಗೇ ಇರಲಿ, ಆದರೆ ನಾಲ್ಕರ ಬದಲು ಮೂರೇ ಸಲ ಚೀಟಿ ಎತ್ತಬೇಕು, 2018ರವರೆಗೆ ಇದ್ದ ಹಾಗೆ. ಆಗ ಕೊನೆಯ ತಂಡ ನಾಲ್ಕಕ್ಕಿಂತ ಕೆಳಗೆ ಹೋಗೋದಿಲ್ಲ. ಈ ಸಲಹೆಗೆ ಬೆಂಬಲ ಸಿಕ್ಕಿತು. ಆದರೆ ನಾರ್ತ್ ಕ್ಯಾರೊಲಿನಾದಲ್ಲಿರುವ ಗೆಳೆಯನೊಬ್ಬ ಒಪ್ಪಲಿಲ್ಲ. ಈ ನಿಯಮ ಇದ್ದಿದ್ದರೆ ಅವನ ಹಾರ್ನೆಟ್ಸ್ ನಾಲ್ಕರಿಂದ ಆರಕ್ಕೆ ಇಳಿಯುತ್ತಿತ್ತು. ನಾಲ್ಕನೇ ಆಯ್ಕೆಯಾಗಿ ಬಂದ ಕಾನ್ ಕ್ನಿಪಲ್‌ನನ್ನು ಯಾರಿಗೂ ಬಿಟ್ಟುಕೊಡೋಕೆ ಅವನು ತಯಾರಿಲ್ಲ.