ಸಿಸಿ, ಟಾರ್ಕ್, ಟ್ಯಾಪೆಟ್: ಗ್ಯಾರೇಜ್ ಹುಡುಗರಿಗೆ ನಾನು ಹೇಳಿಕೊಡುವ ರೀತಿ

ಐಟಿಐ ಮುಗಿಸಿ ಬರುವ ಹುಡುಗರನ್ನು ಟಾರ್ಕ್ ಅಂದ್ರೆ ಏನಪ್ಪಾ ಅಂತ ಕೇಳಿದರೆ ತಿರುಚುವ ಬಲ ಅಂತ ಪಟಪಟ ಒಪ್ಪಿಸುತ್ತಾರೆ. ಪರೀಕ್ಷೆಗೆ ಓದಿದ್ದು, ಒಂದಕ್ಷರ ತಪ್ಪಲ್ಲ. ಆಮೇಲೆ ಕೈಗೆ ಪ್ಲಗ್ ಸ್ಪ್ಯಾನರ್ ಕೊಟ್ಟು, "ಈ ಪ್ಲಗ್ ಎಷ್ಟು ಬಿಗಿ ಮಾಡ್ತೀಯಾ?" ಅಂದರೆ, "ಫುಲ್ ಟೈಟ್ ಅಣ್ಣ" ಅನ್ನುತ್ತಾರೆ. ಪ್ಲಗ್ ಕೂರುವ ಅಲ್ಯೂಮಿನಿಯಂ ಹೆಡ್‌ನಲ್ಲಿ (ಇಂಜಿನ್‌ನ ಮೇಲ್ಭಾಗ) ಫುಲ್ ಟೈಟ್ ಅಂದರೆ ಥ್ರೆಡ್ ಹೋಯಿತು ಅಂತಲೇ ಲೆಕ್ಕ. ಬಾಯಲ್ಲಿರುವ ಅರ್ಥ ಕೈಗೆ ಇಳಿದಿಲ್ಲ, ಅಷ್ಟೇ.

ಸಕಲೇಶಪುರದ ಕಡೆ ನಮ್ಮದು ಟೂ ವೀಲರ್ ಗ್ಯಾರೇಜ್. ಕೆಲಸ ಕಲಿಯಲು ಬರುವವರಿಗೆ ಅಂತ ಒಂದು ನೋಟ್‌ಬುಕ್ ಮಾಡಿ ಇಟ್ಟಿದ್ದೇನೆ. ಒಂದು ಪದಕ್ಕೆ ಒಂದು ಪುಟ. ಪುಟದಲ್ಲಿ ಮೂರೇ ವಿಷಯ: ಇದು ಯಾವ ಭಾಗದ ಮಾತು, ಏನಿಟ್ಟು ಅಳೆಯಬೇಕು, ಕೆಟ್ಟರೆ ಗಿರಾಕಿ ಏನು ಹೇಳಿಕೊಂಡು ಬರುತ್ತಾನೆ. ಅಳೆಯಲು ಬಾರದ ಪದಕ್ಕೆ ಪುಟವೇ ಇಲ್ಲ. ಹಾಗಾಗಿ ನಮ್ಮ ನೋಟ್‌ಬುಕ್ಕಿನಲ್ಲಿ "ಪಿಕಪ್" ಇಲ್ಲ. "ಪಿಕಪ್ ಇಲ್ಲ" ಅನ್ನುವುದು ಗಿರಾಕಿಯ ದೂರು. ಕ್ಲಚ್ ಸ್ಲಿಪ್ ಆದರೂ ಅದೇ ಮಾತು, ಏರ್ ಫಿಲ್ಟರ್ ಕಟ್ಟಿದರೂ ಅದೇ, ಬ್ರೇಕ್ ಹಿಡಿದುಕೊಂಡಿದ್ದರೂ ಅದೇ, ಟಯರ್‌ನಲ್ಲಿ ಗಾಳಿ ಕಡಿಮೆ ಇದ್ದರೂ ಅದೇ. ಅದಕ್ಕೆ ಆ ಮಾತು ಬೇರೆ ಬೇರೆ ಪುಟಗಳ ಮೂರನೇ ಸಾಲಿನಲ್ಲಿ ಬಂದು ಕೂತಿದೆ.

ಮೊದಲು ಹೇಳಿಕೊಡುವುದು ಸಿಸಿ. ನೂರು ಸಿಸಿ, ನೂರೈವತ್ತು ಸಿಸಿ ಅಂತ ಎಲ್ಲರೂ ಹೇಳುತ್ತಾರೆ. ಏನದು ಅಂದರೆ "ಇಂಜಿನ್ ಪವರ್" ಅನ್ನುವವರೇ ಜಾಸ್ತಿ. ಬಿಚ್ಚಿದ ಸ್ಪ್ಲೆಂಡರ್ ಬ್ಲಾಕ್ ಒಂದನ್ನು ಬೆಂಚ್ ಮೇಲಿಟ್ಟು ವರ್ನಿಯರ್ ಕೊಡುತ್ತೇನೆ. ಸಿಲಿಂಡರ್ ಒಳಗಿನ ಅಗಲ ಅಳೆದರೆ 50 ಎಂ.ಎಂ. ಅದು ಬೋರ್. ಪಿಸ್ಟನ್ ಕೆಳಗಿನ ತುದಿಯಿಂದ ಮೇಲಿನ ತುದಿಗೆ ಓಡುವ ದೂರ 49.5 ಎಂ.ಎಂ. ಅದು ಸ್ಟ್ರೋಕ್. ಈಗ ಲೆಕ್ಕ. ಅಗಲದ ಅರ್ಧ 2.5 ಸೆಂ.ಮೀ. ಅದನ್ನು ಅದರಿಂದಲೇ ಗುಣಿಸಿ, 3.1416ರಿಂದ ಗುಣಿಸಿದರೆ 19.63. ಅದಕ್ಕೆ ಸ್ಟ್ರೋಕ್ 4.95 ಸೆಂ.ಮೀ. ಗುಣಿಸಿದರೆ 97.2. ಕಂಪನಿಯವರು ಬರೆದಿರುವುದೂ 97.2 ಸಿಸಿ! ಹುಡುಗರಿಗೆ ಇಲ್ಲಿ ನಿಜವಾಗಿ ಖುಷಿಯಾಗುತ್ತದೆ. ಪಿಸ್ಟನ್ ಒಂದು ಸಲ ಮೇಲಿಂದ ಕೆಳಗೆ ಬಂದರೆ ಖಾಲಿಯಾಗುವ ಜಾಗವೇ ಸಿಸಿ, ಪವರ್ ಅಲ್ಲ ಅಂತ ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಇದಾದ ಮೇಲೆ ರೀಬೋರ್ ಸುಲಭ. ಸಿಲಿಂಡರ್ ಸವೆದರೆ ಲೇತ್‌ಗೆ ಕೊಟ್ಟು ಬೋರ್ ಹೊಡೆಸಿ, 0.50 ಓವರ್‌ಸೈಜ್ ಪಿಸ್ಟನ್ ಹಾಕಿದೆವು ಅನ್ನಿ. ಬೋರ್ 50.5 ಆಯಿತು. ಅದೇ ಲೆಕ್ಕ ಮಾಡಿದರೆ 99 ಸಿಸಿ ಮೇಲೆ ಚೂರು. "ಬೋರ್ ಹೊಡೆಸಿದ ಮೇಲೆ ಗಾಡಿ ರಾಕೆಟ್ ಆಯ್ತು" ಅನ್ನುವ ಗಿರಾಕಿಗಳಿದ್ದಾರಲ್ಲ, ಅವರಿಗೆ ಸಿಕ್ಕಿದ್ದು ಎರಡು ಸಿಸಿ. ರಾಕೆಟ್ ಆಗಿದ್ದು ಪಿಸ್ಟನ್ ಸುತ್ತ ಕೂರುವ ಹೊಸ ರಿಂಗ್ ಸೋರದಂತೆ ಕಂಪ್ರೆಷನ್ ಹಿಡಿದಿದ್ದರಿಂದ.

ಕಂಪ್ರೆಷನ್ ವಿಷಯದಲ್ಲಿ ಎಲ್ಲರೂ ತೊಡರುತ್ತಾರೆ, ಯಾಕೆಂದರೆ ಅಲ್ಲಿ ಎರಡು ಸಂಗತಿ ಇವೆ. ಕಂಪ್ರೆಷನ್ ರೇಶಿಯೊ ಅನ್ನುವುದು ಜಾಗದ ಲೆಕ್ಕ. ಪಿಸ್ಟನ್ ಕೆಳಗಿದ್ದಾಗ ಒಳಗಿರುವ ಒಟ್ಟು ಜಾಗ, ಮೇಲೆ ಬಂದಾಗ ಉಳಿಯುವ ಜಾಗದ ಎಷ್ಟು ಪಟ್ಟು ಅಂತ. ಇದನ್ನು ನಾನು ಸಿರಿಂಜ್‌ನಲ್ಲಿ ತೋರಿಸುತ್ತೇನೆ, ಮೆಡಿಕಲ್ ಶಾಪ್‌ನಲ್ಲಿ ಸಿಗುವ 20 ಎಂ.ಎಲ್.ನದು. ಇಂಜಿನ್ ಬೆಂಚ್ ಮೇಲಿರಬೇಕು. ಎರಡೂ ವಾಲ್ವ್ (ಗಾಳಿ ಬರುವ, ಹೊಗೆ ಹೋಗುವ ಬಾಗಿಲು) ಮುಚ್ಚಿರುವ ಕಂಪ್ರೆಷನ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ಪೂರ್ತಿ ಮೇಲಕ್ಕೆ ತಂದು, ಪ್ಲಗ್ ತೂತು ಎಲ್ಲಕ್ಕಿಂತ ಎತ್ತರಕ್ಕೆ ಬರುವಂತೆ ಇಂಜಿನ್ ವಾಲಿಸಿ ಆಸರೆ ಕೊಡಬೇಕು. ತೆಳು ಎಣ್ಣೆ ಸಿರಿಂಜ್‌ಗೆ ಎಳೆದುಕೊಂಡು ಮೆಲ್ಲಗೆ ಬಿಡಬೇಕು. ಗುಳ್ಳೆ ಬಂದರೆ ನಿಲ್ಲಿಸಿ ಇಂಜಿನ್ ಸ್ವಲ್ಪ ಅಲುಗಾಡಿಸಬೇಕು. ಥ್ರೆಡ್ ಕೆಳಗಿನ ಅಂಚಿಗೆ ಎಣ್ಣೆ ಬಂದು ನಿಂತಾಗ ಎಷ್ಟು ಇಳಿಯಿತು ನೋಡಬೇಕು. ರೇಶಿಯೊ 9 ಇರುವ ಹಳೆಯ ಇಂಜಿನ್‌ಗೆ ಲೆಕ್ಕದ ಪ್ರಕಾರ 97.2ನ್ನು 8ರಿಂದ ಭಾಗಿಸಿದಷ್ಟು, ಅಂದರೆ 12 ಎಂ.ಎಲ್. ಚಿಲ್ಲರೆ ಇಳಿಯಬೇಕು. ಯಾಕೆ 9 ಅಲ್ಲ 8? ಪಿಸ್ಟನ್ ಓಡುವ ಜಾಗ ಎಂಟು ಪಾಲು, ಉಳಿದ ಜಾಗ ಒಂದು ಪಾಲು, ಸೇರಿಸಿದರೆ ಒಂಬತ್ತು. ಇದನ್ನು ಹುಡುಗರೇ ಕಂಡುಹಿಡಿಯಲಿ ಅಂತ ಸುಮ್ನೆ ಇರುತ್ತೇನೆ. ರಿಂಗ್ ತೀರಾ ಸವೆದ ಇಂಜಿನ್‌ನಲ್ಲಿ ಈ ಆಟ ನಡೆಯಲ್ಲ, ಅಳೆಯುವಷ್ಟರಲ್ಲಿ ಎಣ್ಣೆ ಕೆಳಗೆ ಸೋರಿರುತ್ತದೆ. ಅದೂ ಒಂದು ಪಾಠವೇ.

ಕಂಪ್ರೆಷನ್ ಪ್ರೆಷರ್ ಬೇರೆ. ಅದು ಗೇಜ್‌ನಲ್ಲಿ ಬರುವ ಒತ್ತಡ. ರೇಶಿಯೊ ಇಂಜಿನ್ ಮಾಡುವಾಗಲೇ ನಿಗದಿಯಾಗಿರುತ್ತದೆ, ಪ್ರೆಷರ್ ಗಾಡಿ ಸವೆದಂತೆ ಇಳಿಯುತ್ತಾ ಹೋಗುತ್ತದೆ. ಪ್ಲಗ್ ತೂತಿಗೆ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು ಕಿಕ್ಕರ್ ಒದೆಯಬೇಕು. ಕಡಿಮೆ ಬಂತು ಅಂದರೆ ಒಂದು ಚಮಚ ಇಂಜಿನ್ ಆಯಿಲ್ ತೂತಿನೊಳಗೆ ಬಿಟ್ಟು ಇನ್ನೊಮ್ಮೆ ನೋಡಬೇಕು. ಮುಳ್ಳು ಮೇಲೆ ಹೋದರೆ ರಿಂಗ್, ಬೋರ್ ಕಡೆ ತೊಂದರೆ. ಹೋಗದಿದ್ದರೆ ವಾಲ್ವ್ ಕಡೆ ಅನುಮಾನ. ಹೆಡ್ ಬಿಚ್ಚುವ ಮುಂಚೆ ಇಷ್ಟು ಗೊತ್ತಾದರೆ ಗಿರಾಕಿಗೆ ಖರ್ಚು ಧೈರ್ಯವಾಗಿ ಹೇಳಬಹುದು.

ಟಾರ್ಕ್‌ಗೆ ಬರೋಣ. ತೂಕದ ಸ್ಪ್ರಿಂಗ್ ತಕ್ಕಡಿ ಒಂದು ಇಟ್ಟುಕೊಂಡಿದ್ದೇನೆ, ಕೊಕ್ಕೆ ಇರುವಂಥದ್ದು. ವೈಸ್‌ಗೆ ಒಂದು ಬೋಲ್ಟ್ ಕಚ್ಚಿಸಿ, ಸ್ಪ್ಯಾನರ್ ಹಾಕಿ, ಬೋಲ್ಟ್‌ನ ನಡುವಿನಿಂದ 20 ಸೆಂ.ಮೀ. ದೂರದಲ್ಲಿ ಕೊಕ್ಕೆ ಸಿಕ್ಕಿಸಿ ಅಡ್ಡಕ್ಕೆ ನೇರವಾಗಿ ಎಳೆಯಬೇಕು. ತಕ್ಕಡಿ 5 ಕೆ.ಜಿ. ತೋರಿಸಿದಾಗ ಬೋಲ್ಟ್ ಮೇಲೆ ಬೀಳುವ ತಿರುಚುವ ಬಲ ಸುಮಾರು 10 ನ್ಯೂಟನ್ ಮೀಟರ್. 10 ಎಂ.ಎಂ. ಥ್ರೆಡ್ ಇರುವ ಪ್ಲಗ್‌ಗೆ ಬೇಕಾಗಿರುವುದು 10ರಿಂದ 12, ಅಷ್ಟೇ. "ಇಷ್ಟು ಕಡಿಮೆನಾ?" ಅಂತ ಎಲ್ಲರೂ ಕೇಳುತ್ತಾರೆ. ಹೌದು, ಇಷ್ಟೇ. ಟಾರ್ಕ್ ರೆಂಚ್ ಹಿಡಿಯುವ ಮೊದಲು ಈ ಎಳೆತ ಮಣಿಕಟ್ಟಿಗೆ ಗೊತ್ತಾಗಿರಬೇಕು. ಇಲ್ಲದಿದ್ದರೆ ರೆಂಚ್ ಟಕ್ ಅಂದ ಮೇಲೂ ಇನ್ನೊಂದು ಸುತ್ತು ಎಳೆಯುತ್ತಾರೆ.

ಇಂಜಿನ್ ಟಾರ್ಕ್ ಕೂಡ ಇದೇ ತಿರುಚುವ ಬಲ. ಇಲ್ಲಿ ಎಳೆಯುವುದು ಕೈಯಲ್ಲ, ಪಿಸ್ಟನ್. ಪವರ್ ಅಂದರೆ ಆ ಬಲ ಎಷ್ಟು ವೇಗವಾಗಿ ಸುತ್ತುತ್ತಿದೆ ಅನ್ನುವ ಲೆಕ್ಕ. ಟಾರ್ಕನ್ನು ಆರ್‌ಪಿಎಂನಿಂದ (ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದು) ಗುಣಿಸಿ 9550ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. ಬಿಎಸ್ 6 ಸ್ಪ್ಲೆಂಡರ್‌ನ ಅತಿ ಹೆಚ್ಚು ಟಾರ್ಕ್ 8.05 ನ್ಯೂಟನ್ ಮೀಟರ್, ಅದು 6000 ಆರ್‌ಪಿಎಂನಲ್ಲಿ. ಲೆಕ್ಕ ಹಾಕಿದರೆ ಅಲ್ಲಿ ಪವರ್ 5 ಕಿಲೋವ್ಯಾಟ್ ಚೂರು. ಅತಿ ಹೆಚ್ಚು ಪವರ್ 5.9, ಅದು 8000ದಲ್ಲಿ. ತಿರುಗಿಸಿ ಲೆಕ್ಕ ಹಾಕಿ: 8000ದಲ್ಲಿ ಟಾರ್ಕ್ 7ಕ್ಕೆ ಇಳಿದಿದೆ! ಬಲ ಕಡಿಮೆಯಾಯಿತು, ಆದರೆ ಸುತ್ತು ಅದಕ್ಕಿಂತ ಜಾಸ್ತಿ ಏರಿತು, ಹಾಗಾಗಿ ಪವರ್ ಏರಿತು. ಟಾರ್ಕ್ ಬೇರೆ, ಪವರ್ ಬೇರೆ ಅನ್ನುವುದಕ್ಕೆ ಈ ಎರಡು ಸಾಲಿಗಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ. ಅಂದಹಾಗೆ ಪಿಎಸ್ ಅಂತ ಬರೆಯುವ ಕುದುರೆ ಶಕ್ತಿ ಅಂದರೆ 75 ಕೆ.ಜಿ. ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲೆತ್ತುವುದು, 735.5 ವ್ಯಾಟ್. ಸ್ಪ್ಲೆಂಡರ್‌ದು 8 ಪಿಎಸ್, ಅಂದರೆ 600 ಕೆ.ಜಿ. ಭಾರ ಸೆಕೆಂಡಿಗೆ ಒಂದು ಮೀಟರ್.

ನಮ್ಮ ಕಡೆ ಎಸ್ಟೇಟ್ ರಸ್ತೆಗಳ ಏರು ಜಾಸ್ತಿ. ಬುಲೆಟ್ ಇಟ್ಟುಕೊಂಡವರು "ಮೂರನೇ ಗೇರ್‌ನಲ್ಲೇ ಹತ್ತುತ್ತೆ" ಅಂತ ಮೀಸೆ ತಿರುವುತ್ತಾರೆ. ಕಾರಣ ನೋಟ್‌ಬುಕ್ಕಿನಲ್ಲೇ ಇದೆ. ಈಗಿನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಯಲ್ಲಿ (ಇದನ್ನೂ ಬುಲೆಟ್ ಅಂತಲೇ ಕರೆಯುತ್ತಾರೆ) ಬೋರ್ 72, ಸ್ಟ್ರೋಕ್ 85.8. ಉದ್ದ ಸ್ಟ್ರೋಕ್, 27 ನ್ಯೂಟನ್ ಮೀಟರ್ 4000 ಆರ್‌ಪಿಎಂಗೇ ಸಿಗುತ್ತದೆ. 373 ಸಿಸಿಯ ಹಳೆಯ ಕೆಟಿಎಂ 390 ಡ್ಯೂಕ್‌ನಲ್ಲಿ ಇದು ತಲೆಕೆಳಗು: ಬೋರ್ 89, ಸ್ಟ್ರೋಕ್ 60. ಪಿಸ್ಟನ್ ಓಡುವ ದೂರ ಕಡಿಮೆ, ಅದಕ್ಕೇ 9000ದವರೆಗೆ ಆರಾಮಾಗಿ ಸುತ್ತುತ್ತದೆ. ಪವರ್ 43.5 ಪಿಎಸ್, ಬುಲೆಟ್‌ನ ಎರಡು ಪಟ್ಟಿಗಿಂತ ಜಾಸ್ತಿ. ಯಾವುದು ಒಳ್ಳೆಯದು ಅಂತ ನನ್ನನ್ನು ಕೇಳಬೇಡಿ, ಎಲ್ಲಿ ಓಡಿಸುತ್ತೀರಿ ಹೇಳಿ.

ಏರಿಗೆ ಅಂತ ಮುಂದಿನ ಸ್ಪ್ರಾಕೆಟ್ ಬದಲಾಯಿಸಿ ಕೊಡಿ ಅನ್ನುವವರೂ ಬರುತ್ತಾರೆ. ಮುಂದೆ 14 ಹಲ್ಲು, ಹಿಂದೆ 42 ಹಲ್ಲು ಇದ್ದರೆ ರೇಶಿಯೊ 3. ಮುಂದೆ 13 ಹಾಕಿದರೆ 3.23. ಚಕ್ರಕ್ಕೆ ಹೋಗುವ ಟಾರ್ಕ್ ನೂರಕ್ಕೆ ಏಳೆಂಟು ಜಾಸ್ತಿ, ಅದೇ ಗೇರ್‌ನಲ್ಲಿ ವೇಗ ಅಷ್ಟೇ ಕಡಿಮೆ. ಹಾಸನದ ಹೈವೇಗೆ ಹೋದಾಗ ಇಂಜಿನ್ ಕಿರುಚುತ್ತದೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ ಅಂತ ಮೊದಲೇ ಹೇಳಿಬಿಡುತ್ತೇನೆ.

ಟ್ಯಾಪೆಟ್ ಕ್ಲಿಯರೆನ್ಸ್ ಬಗ್ಗೆ ನನಗೆ ಸ್ವಲ್ಪ ಹಟವಿದೆ. ವಾಲ್ವ್ ಒತ್ತಿ ತೆರೆಯುವ ರಾಕರ್‌ಗೂ ವಾಲ್ವ್ ತುದಿಗೂ ನಡುವೆ ಬಿಡುವ ಸಂದು ಅದು. ಇಂಜಿನ್ ತಣ್ಣಗಿದ್ದಾಗ ಫೀಲರ್ ಗೇಜ್ ಅನ್ನುವ ತೆಳು ಅಳತೆ ಪಟ್ಟಿ ತೂರಿಸಿ ನೋಡಬೇಕು. ಕಾದಾಗ ವಾಲ್ವ್ ಉದ್ದವಾಗುತ್ತದೆ, ಆ ಉದ್ದಕ್ಕೆ ಜಾಗ ಬೇಕು. ಸಂದು ಜಾಸ್ತಿ ಇದ್ದರೆ ಟಕಟಕ ಸದ್ದು. ಗಿರಾಕಿಗೆ ಸದ್ದು ಇಷ್ಟವಿಲ್ಲ, ಮೆಕ್ಯಾನಿಕ್ ಬಿಗಿ ಮಾಡಿ ಕಳಿಸುತ್ತಾನೆ, ಗಾಡಿ ಬೆಣ್ಣೆ ಥರ ಓಡುತ್ತದೆ, ಇಬ್ಬರಿಗೂ ಖುಷಿ. ಆದರೆ ಬಿಗಿಯಾದ ಟ್ಯಾಪೆಟ್ ವಾಲ್ವನ್ನು ಪೂರ್ತಿ ಮುಚ್ಚಲು ಬಿಡಲ್ಲ. ಕಂಪ್ರೆಷನ್ ಸೋರುತ್ತದೆ, ವಾಲ್ವ್ ಸುಟ್ಟುಹೋಗುತ್ತದೆ. ಚೂರು ಸದ್ದು ಮಾಡುವ ಟ್ಯಾಪೆಟ್ ನಾನು ಒಪ್ಪುತ್ತೇನೆ, ಸದ್ದೇ ಇಲ್ಲದ್ದನ್ನು ಇನ್ನೊಮ್ಮೆ ಬಿಚ್ಚಿ ನೋಡುತ್ತೇನೆ.

ಆಯಿಲ್ ಮತ್ತು ಟಯರ್ ಪುಟಗಳು ಚಿಕ್ಕವು. 10ಡಬ್ಲ್ಯು-30ರಲ್ಲಿ ಮೊದಲನೆಯದು ಚಳಿಯಲ್ಲಿ ಹರಿಯುವ ಗುಣ, ಎರಡನೆಯದು ಕಾದಾಗ ಉಳಿಯುವ ದಪ್ಪ. ಡಬ್ಬಿ ಮೇಲೆ ಜಾಸೊ ಎಂಎ (ಬೈಕ್ ಆಯಿಲ್‌ನ ಗುರುತು) ಅಂತ ಇದೆಯಾ ನೋಡಬೇಕು, ಯಾಕೆಂದರೆ ಗೇರ್ ಬೈಕ್‌ಗಳಲ್ಲಿ ಕ್ಲಚ್ ಪ್ಲೇಟ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಜಾರುವ ಗುಣ ಸೇರಿಸಿದ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಸ್ಲಿಪ್. ಟಯರ್ ಮೇಲೆ 80/100-18 ಇದ್ದರೆ 80 ಎಂ.ಎಂ. ಅಗಲ, 18 ಇಂಚಿನ ರಿಮ್. ನಡುವಿನ 100 ಎಂ.ಎಂ. ಅಲ್ಲ, ಅಗಲದ ನೂರಕ್ಕೆ ನೂರು ಎತ್ತರ ಅಂತ. 2319 ಅಂತ ನಾಲ್ಕಂಕಿ ಇದ್ದರೆ 2019ರ 23ನೇ ವಾರದ ಮಾಲು. ಹೊಸ ಟಯರ್ ಕೊಳ್ಳುವಾಗ ಇದನ್ನು ನೋಡದೆ ದುಡ್ಡು ಕೊಡಬೇಡಿ.

ಈಗ ನೋಟ್‌ಬುಕ್ಕಿಗೆ ಎಲೆಕ್ಟ್ರಿಕ್ ಸ್ಕೂಟರ್ ಪುಟಗಳು ಸೇರುತ್ತಿವೆ. ಕಿಲೋವ್ಯಾಟ್ ಮೋಟರ್‌ನ ಪವರ್, ಕಿಲೋವ್ಯಾಟ್ ಅವರ್ ಬ್ಯಾಟರಿಯಲ್ಲಿ ತುಂಬಿರುವ ಎನರ್ಜಿ. ಒಂದು ಕಿಲೋವ್ಯಾಟ್ ಅವರ್ ಅಂದರೆ ಮನೆ ಕರೆಂಟ್ ಬಿಲ್‌ನ ಒಂದು ಯೂನಿಟ್, ಹೀಗೆ ಹೇಳಿದರೆ ಯಾರಿಗೂ ಎರಡನೇ ಸಲ ಹೇಳಬೇಕಾಗಿಲ್ಲ. ಇದಕ್ಕೂ ಅಳೆಯುವ ದಾರಿ ಇದೆ. ಸಾಕೆಟ್‌ಗೂ ಚಾರ್ಜರ್‌ಗೂ ನಡುವೆ ಸಿಕ್ಕಿಸುವ ಸಣ್ಣ ಮೀಟರ್ ಸಿಗುತ್ತದೆ. ಖಾಲಿಯಾದ 3 ಕಿಲೋವ್ಯಾಟ್ ಅವರ್ ಬ್ಯಾಟರಿ ತುಂಬಿಸಿದರೆ ಮೀಟರ್ 3ಕ್ಕಿಂತ ಜಾಸ್ತಿಯೇ ತೋರಿಸುತ್ತದೆ. ಆ ಹೆಚ್ಚಿನದ್ದು ಎಲ್ಲಿ ಹೋಯಿತು ಅಂತ ಹುಡುಗರು ಕೇಳಿದರೆ, ಚಾರ್ಜರ್ ಮೇಲೆ ಕೈ ಇಟ್ಟು ನೋಡ್ರೋ ಅನ್ನುತ್ತೇನೆ.