ಬಾಗಲಕೋಟೆಯಿಂದ ಬಾದಾಮಿಗೆ, ಐಹೊಳೆ ಬಳಸಿಕೊಂಡು ಸೈಕಲ್ ಮೇಲೆ

ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಸೈಕಲ್ ಮೇಲೆ ನೋಡಬೇಕು ಅಂತ ಹೊರಡುವವರು ಸಾಮಾನ್ಯವಾಗಿ ಬಾದಾಮಿಯಲ್ಲಿ ರೂಮ್ ಮಾಡಿ, ಬೆಳಿಗ್ಗೆ ಐಹೊಳೆಗೆ ಹೋಗಿ, ಸಂಜೆ ಅದೇ ದಾರಿಯಲ್ಲಿ ವಾಪಸ್ ಬರುತ್ತಾರೆ. ಹಾಗೆ ಮಾಡಿದರೆ ಬೆಳಿಗ್ಗೆ ನೋಡಿದ ದಾರಿಯನ್ನೇ ಸಂಜೆ ಮತ್ತೆ ತುಳಿಯಬೇಕು. ನಾನು ಮಾಡುವುದೇ ಬೇರೆ. ರೈಲಿನಲ್ಲಿ ಬಾದಾಮಿ ದಾಟಿ ಬಾಗಲಕೋಟೆಯಲ್ಲಿ ಇಳಿಯುತ್ತೇನೆ. ಅಲ್ಲಿಂದ ಅಮೀನಗಡ, ಐಹೊಳೆ, ಪಟ್ಟದಕಲ್ಲು, ಮಹಾಕೂಟ, ಕೊನೆಗೆ ಬಾದಾಮಿ. ಎರಡೂ ಸ್ಟೇಷನ್ ಗದಗ ಕಡೆಯಿಂದ ಬರುವ ಒಂದೇ ರೈಲು ಮಾರ್ಗದಲ್ಲಿವೆ, ಹಾಗಾಗಿ ಹೋದ ದಾರಿಯಲ್ಲೇ ತಿರುಗಿ ಬರುವ ಗೋಜಿಲ್ಲ. ಒಟ್ಟು ಹೆಚ್ಚುಕಡಿಮೆ 80 ಕಿಲೋಮೀಟರ್. ಗುಡಿಗಳ ಹತ್ತಿರ ಕೂತು ಕಾಲ ಕಳೆಯುವ ಅಭ್ಯಾಸ ಇದ್ದರೆ ಬೆಳಗಿನಿಂದ ಸಂಜೆವರೆಗೆ ಸರಿಯಾಗಿ ಹಿಡಿಯುತ್ತದೆ.

ಬಾಗಲಕೋಟೆಯಿಂದ ಕಮತಗಿ ಮೇಲೆ ಅಮೀನಗಡದವರೆಗಿನ ರಸ್ತೆ ಹೆದ್ದಾರಿ, ಲಾರಿ ಬಸ್ಸು ಎಲ್ಲ ಓಡಾಡುತ್ತವೆ, ಇದರ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಬೆಳಕು ಹರಿಯುತ್ತಿದ್ದ ಹಾಗೆ ಹೊರಟು ಬೇಗ ದಾಟಿಬಿಡಿ, ಅಷ್ಟೇ. ಚಳಿಗಾಲದಲ್ಲಾದರೆ ಕಬ್ಬಿನ ಟ್ರ್ಯಾಕ್ಟರ್ ಬಗ್ಗೆ ಎಚ್ಚರ. ಹಿಂದೆ ಎರಡೆರಡು ಟ್ರೇಲರ್, ರಸ್ತೆ ತುಂಬ ಹರಡಿಕೊಂಡ ಕಬ್ಬು, ಟೇಪಿನಲ್ಲಿ ಜೋರಾಗಿ ಜಾನಪದ ಹಾಡು. ಡ್ರೈವರ್‌ಗೆ ನಿಮ್ಮ ಬೆಲ್ ಖಂಡಿತ ಕೇಳಿಸುವುದಿಲ್ಲ. ಎದುರಿಗೆ ಬಂದರೆ ಸುಮ್ನೆ ರಸ್ತೆ ಬಿಟ್ಟು ಮಣ್ಣಿಗೆ ಇಳಿಯುವುದು ಜಾಣತನ. ಮೊದಲನೇ ಟ್ರೇಲರ್ ದಾಟಿತು ಅಂತ ತಕ್ಷಣ ರಸ್ತೆಗೆ ಹತ್ತಬೇಡಿ, ಎರಡನೆಯದು ಅದರ ಹಿಂದೆ ಆಚೀಚೆ ತೂಗಾಡುತ್ತಾ ಬರುತ್ತಿರುತ್ತದೆ.

ಅಮೀನಗಡದಲ್ಲಿ ಚಹಾ, ತಿಂಡಿ, ಆಮೇಲೆ ಕರದಂಟು. ಊರಿನ ಹೆಸರು ಕೇಳಿದರೇ ಕರದಂಟು ನೆನಪಾಗುತ್ತದೆ ಅಲ್ವಾ. ಬೆಲ್ಲ, ಅಂಟು, ಗೋಡಂಬಿ, ಬಾದಾಮಿ, ಒಣಕೊಬ್ಬರಿ. ಸೈಕಲ್ ಹೊಡೆಯುವವರು ನೂರಾರು ರೂಪಾಯಿ ಕೊಟ್ಟು ಬಣ್ಣದ ಕಾಗದ ಸುತ್ತಿದ ಎನರ್ಜಿ ಬಾರ್ ತರಿಸಿಕೊಳ್ಳುತ್ತಾರೆ, ಅದೇ ಕೆಲಸವನ್ನು ಇದು ಇನ್ನೂ ಚೆನ್ನಾಗಿ ಮಾಡುತ್ತದೆ, ರುಚಿಯಂತೂ ಕೇಳಲೇಬೇಡಿ. ಕಾಲು ಕಿಲೋ ತೆಗೆದುಕೊಂಡು, ಅಂಗಡಿಯಲ್ಲೇ ಸಣ್ಣ ತುಂಡು ಮಾಡಿಸಿಕೊಂಡು, ಜೇಬಿಗೆ ಹಾಕಿಕೊಳ್ಳುತ್ತೇನೆ.

ಇಲ್ಲಿಂದ ಐಹೊಳೆ ಕಡೆ ತಿರುಗಿದ ಕೂಡಲೇ ಸದ್ದು ನಿಂತುಹೋಗುತ್ತದೆ. ಸುಮಾರು 10 ಕಿಲೋಮೀಟರ್ ದಾರಿ. ಎರಡೂ ಕಡೆ ಹೊಲ, ಜೋಳ, ಸೂರ್ಯಕಾಂತಿ, ತೊಗರಿ, ಆಮೇಲೆ ನಿಧಾನಕ್ಕೆ ಕೆಂಪು ಕಲ್ಲಿನ ಗುಡ್ಡಗಳು ಶುರುವಾಗುತ್ತವೆ. ಕಾರಿನಲ್ಲಿ ಬಂದವರಿಗೆ ಇದು ಕಾಲು ಗಂಟೆಯ ದಾರಿ. ಸೈಕಲ್ ಮೇಲೆ ಬಂದರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ಗುಡ್ಡದಲ್ಲಿ ಪದರ ಪದರವಾಗಿ ಎದ್ದು ನಿಂತಿರುವ ಕಲ್ಲು, ಹೊಲದ ಬದುವಿಗೆ ಇಟ್ಟ ಕಲ್ಲು, ಮನೆಗೋಡೆಯ ಕಲ್ಲು, ಸ್ವಲ್ಪ ಹೊತ್ತಿನ ನಂತರ ಸಿಗುವ ಗುಡಿಯ ಕಲ್ಲು, ಎಲ್ಲ ಒಂದೇ ಮರಳುಗಲ್ಲು. ಚಾಲುಕ್ಯರು ಇಲ್ಲೇ ಯಾಕೆ ಇಷ್ಟೊಂದು ಕಟ್ಟಿದರು ಅಂತ ಯಾವ ಗೈಡನ್ನೂ ಕೇಳಬೇಕಾಗಿಲ್ಲ. ಕಟ್ಟುವ ಸಾಮಾನು ಬಾಗಿಲಲ್ಲೇ ಬಿದ್ದಿತ್ತು, ನೀರಿಗೆ ಮಲಪ್ರಭೆ ಇತ್ತು.

ಐಹೊಳೆಯಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ಗುಡಿಗಳಿವೆ. ಎಲ್ಲ ನೋಡುತ್ತೇನೆ ಅಂತ ಹಟ ಹಿಡಿದರೆ ಬಾದಾಮಿ ಮುಟ್ಟುವುದಿಲ್ಲ. ಗಜಪೃಷ್ಠ ಆಕಾರದ ದುರ್ಗ ಗುಡಿ, ಪಕ್ಕದ ಲಾಡ್‌ಖಾನ್ ಗುಡಿ ಎರಡೂ ಬೇಲಿಯೊಳಗೆ ಟಿಕೆಟ್ ಕೊಟ್ಟು ನೋಡುವಂಥವು, ಅವು ಹೇಗೂ ಆಗುತ್ತವೆ. ನನಗೆ ಇಷ್ಟವಾಗುವುದು ಮೇಗುತಿ ಗುಡ್ಡ. ಸೈಕಲ್ ಕೆಳಗೆ ನಿಲ್ಲಿಸಿ ಮೆಟ್ಟಿಲು ಹತ್ತಿ. ಮೇಲಿನ ಜೈನ ಬಸದಿಯ ಗೋಡೆಯಲ್ಲಿ ರವಿಕೀರ್ತಿ ಬರೆಸಿದ 634ರ ಶಾಸನ ಇದೆ. ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ಸೋಲಿಸಿದ ವಿಷಯ ನಾವೆಲ್ಲ ಶಾಲೆಯಲ್ಲಿ ಉರು ಹೊಡೆದದ್ದು ಈ ಕಲ್ಲಿನಿಂದಲೇ ಬಂದದ್ದು. ರವಿಕೀರ್ತಿಗೆ ಆತ್ಮವಿಶ್ವಾಸ ಚೆನ್ನಾಗಿಯೇ ಇತ್ತು, ಕವಿತೆಯಲ್ಲಿ ತಾನು ಕಾಳಿದಾಸ, ಭಾರವಿಗೆ ಸಮ ಅಂತ ತಾನೇ ಬರೆದುಕೊಂಡಿದ್ದಾನೆ. ಪಾಪ, ಆ ಸಾಲಿನಿಂದ ಉಪಕಾರ ಆದದ್ದು ಅವನಿಗಿಂತ ಆ ಇಬ್ಬರಿಗೆ, ಅವರ ಕಾಲ ಗೊತ್ತುಮಾಡಲು ವಿದ್ವಾಂಸರು ಇವತ್ತಿಗೂ ಇದೇ ಶಾಸನ ಹಿಡಿಯುತ್ತಾರೆ.

ಗುಡ್ಡದ ಬುಡದಲ್ಲಿ ಕೂತಿದ್ದ ಒಬ್ಬ ಅಜ್ಜ ನನ್ನ ಸೈಕಲ್ ನೋಡಿ, "ಸೈಕಲ್ ಮ್ಯಾಲ ಬಂದೀರೇನ್ರೀ? ಯಾವೂರ್ರೀ?" ಅಂದರು. ಹೇಳಿದೆ. "ಬಸ್ಸು ಇತ್ತಲ್ರೀ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಇಳಿದು ಬರುವವರೆಗೂ ಸೈಕಲ್ ಮಾತ್ರ ಅವರೇ ಕಾದರು. ಬೀಗ ಇದ್ದರೂ ಹೀಗೆ ಯಾರಿಗಾದರೂ ಒಂದು ಮಾತು ಹೇಳಿ ಹೋಗುವುದು ಒಳ್ಳೆಯದು, ಇಲ್ಲವಾದರೆ ವಾಪಸ್ ಬರುವಷ್ಟರಲ್ಲಿ ಊರಿನ ಹುಡುಗರು ಅಷ್ಟೂ ಗೇರ್ ಬದಲಿಸಿ ನೋಡಿರುತ್ತಾರೆ.

ಐಹೊಳೆಯಿಂದ ಪಟ್ಟದಕಲ್ಲಿಗೆ 13-14 ಕಿಲೋಮೀಟರ್, ಇಡೀ ದಾರಿಯಲ್ಲಿ ನನಗೆ ಅತಿ ಇಷ್ಟದ ತುಂಡು ಇದು. ವಾಹನ ಕಡಿಮೆ, ಏರಿಳಿತ ಹಿತವಾಗಿರುತ್ತದೆ. ನಡುವೆ ಸಿದ್ಧನಕೊಳ್ಳ ಅಂತ ಒಂದು ಜಾಗ, ಬಂಡೆಗಳ ನಡುವಿನ ಕೊಳ್ಳ, ಹಳೆಯ ಗುಡಿ, ಲಜ್ಜಾಗೌರಿಯ ಶಿಲ್ಪ, ಮಳೆಗಾಲ ಆದ ಮೇಲೆ ಹೋದರೆ ನೀರೂ ಇರುತ್ತದೆ. ನೆರಳು ಬೇಕು ಅನ್ನಿಸುವ ಹೊತ್ತಿಗೇ ಇದು ಸಿಗುತ್ತದೆ, ಅರ್ಧ ಗಂಟೆ ಕಾಲು ಚಾಚಿ ಮಲಗಿ.

ಈ ದಾರಿಯಲ್ಲಿ ಎರಡು ತೊಂದರೆ. ಒಂದು ಜಾಲಿ ಮುಳ್ಳು. ರಸ್ತೆ ಪಕ್ಕದ ಬಳ್ಳಾರಿ ಜಾಲಿ ಕಡಿದು ಹೊಲಕ್ಕೆ ಬೇಲಿ ಹಾಕುತ್ತಾರೆ, ಅದರ ಮುಳ್ಳು ಡಾಂಬರಿನ ಅಂಚಿಗೆ ಬಂದು ಬಿದ್ದಿರುತ್ತದೆ. ಹಾಗಾಗಿ ವಾಹನ ಇಲ್ಲದಾಗ ಅಂಚು ಬಿಟ್ಟು ಒಳಗೆ ಓಡಿಸಿ. ತೆಳ್ಳಗಿನ ರೋಡ್ ಬೈಕ್ ಟೈರ್ ಬೇಡ, 35 ಮಿಲಿಮೀಟರಿನದ್ದು ಇದ್ದರೆ ನೆಮ್ಮದಿ. ಎರಡು ಟ್ಯೂಬ್, ಪ್ಯಾಚ್, ಪಂಪ್ ಜೊತೆಗಿರಲಿ, ಊರುಗಳ ಪಂಕ್ಚರ್ ಅಂಗಡಿಯಲ್ಲಿ ಗೇರ್ ಸೈಕಲ್‌ನ ಟ್ಯೂಬ್ ಸಿಗುವುದಿಲ್ಲ. ಎರಡನೆಯದು ರಾಶಿ. ಸುಗ್ಗಿಯಲ್ಲಿ ರೈತರು ಬೆಳೆಯನ್ನು ರಸ್ತೆ ಮೇಲೇ ಹರಡುತ್ತಾರೆ, ಬಸ್ಸು ಲಾರಿ ತುಳಿದು ಕಾಳು ಬಿಡಿಸಿಕೊಡಲಿ ಅಂತ. ಒಣಗಿದ ಕಡ್ಡಿ, ದಂಟಿನ ಮೇಲೆ ಬ್ರೇಕ್ ಹಿಡಿದರೆ ಸೈಕಲ್ ಜಾರುತ್ತದೆ, ಚೈನಿಗೂ ಸುತ್ತಿಕೊಳ್ಳುತ್ತದೆ. ಇಳಿದು ತಳ್ಳಿಕೊಂಡು ಹೋದರೆ ರೈತರಿಗೂ ಖುಷಿ.

ನೀರಿನ ಚಿಂತೆ ಬೇಡ. ದಾರಿಯ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿದರೆ ಕೊಡ ತುಂಬುವಷ್ಟು ನೀರು ಬರುತ್ತದೆ, ನಿಮಗೆ ಬೇಕಾದದ್ದು ಎರಡು ಬಾಟಲಿ. ಕೊಡ ಹಿಡಿದು ನಿಂತವರ ಹತ್ತಿರ ಕೇಳಿದರೆ ಅವರೇ ತುಂಬಿಸಿ ಕೊಡುತ್ತಾರೆ, ನಾಣ್ಯ ಕೊಡಲು ಹೋದರೆ ಬೈಯುತ್ತಾರೆ.

ಪಟ್ಟದಕಲ್ಲು ತಲುಪುವಾಗ ಮಧ್ಯಾಹ್ನ ಆಗಿರುತ್ತದೆ. ಅಡಿಯಲ್ಲಿ ಕ್ಲೀಟ್, ಅಂದರೆ ಪೆಡಲಿಗೆ ಸಿಕ್ಕಿಕೊಳ್ಳುವ ಗಟ್ಟಿ ತುಂಡು, ಇರುವ ಸೈಕಲ್ ಶೂ ಹಾಕಿಕೊಂಡು ಬರಬೇಡಿ, ಕಲ್ಲಿನ ನೆಲದ ಮೇಲೆ ಜಾರುತ್ತದೆ, ಕಲ್ಲಿಗೂ ಒಳ್ಳೆಯದಲ್ಲ. ವಿರೂಪಾಕ್ಷ ಗುಡಿಯಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ, ಬರಿಗಾಲಲ್ಲೇ ಹೋಗಬೇಕು, ಆ ಹೊತ್ತಿಗೆ ಹೊರಗಿನ ಹಾಸುಗಲ್ಲು ಹೆಂಚಿನ ಹಾಗೆ ಕಾದಿರುತ್ತದೆ. ಬ್ಯಾಗಿನಲ್ಲಿ ಒಂದು ಜೊತೆ ಕಾಲುಚೀಲ ಇಟ್ಟುಕೊಂಡರೆ ಆಯಿತು. ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಇದು. ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. 1987ರಿಂದ ಪಟ್ಟದಕಲ್ಲು ವಿಶ್ವ ಪರಂಪರೆಯ ತಾಣ. ನದಿ ಎಷ್ಟು ಹತ್ತಿರ ಅಂದರೆ 2019ರ ಆಗಸ್ಟ್ ಪ್ರವಾಹದಲ್ಲಿ ನೀರು ಗುಡಿಗಳ ಆವರಣಕ್ಕೇ ನುಗ್ಗಿತ್ತು. ಬಾದಾಮಿ ಕಡೆ ಹೊರಟ ಮೇಲೆ ಊರಾಚೆ ರಸ್ತೆ ಪಕ್ಕದಲ್ಲೇ ರಾಷ್ಟ್ರಕೂಟರ ಕಾಲದ ಜೈನ ಬಸದಿ ಇದೆ. ಕಾರಿನವರು ಇದನ್ನು ನೋಡದೆ ದಾಟಿಹೋಗುತ್ತಾರೆ. ಜನ ಇಲ್ಲ, ಗಲಾಟೆ ಇಲ್ಲ, ಬಾಗಿಲಲ್ಲಿ ದೊಡ್ಡ ಕಲ್ಲಾನೆಗಳು. ನನ್ನ ಮಧ್ಯಾಹ್ನದ ವಿಶ್ರಾಂತಿ ಯಾವಾಗಲೂ ಇಲ್ಲೇ.

ಇಲ್ಲಿಂದ ಬಾದಾಮಿಗೆ 22 ಕಿಲೋಮೀಟರ್, ನೇರ ಹೋಗಬಹುದು. ಕಾಲಲ್ಲಿ ಶಕ್ತಿ ಇದ್ದರೆ ನಂದಿಕೇಶ್ವರ ಊರಿನ ಹತ್ತಿರ ಮಹಾಕೂಟಕ್ಕೆ ತಿರುಗಿ. ಗುಡ್ಡಗಳ ನಡುವೆ ಮರಗಳ ತಂಪು, ಗುಡಿಗಳ ಗುಂಪು, ಮಧ್ಯೆ ಊಟೆ ನೀರಿನ ಪುಷ್ಕರಣಿ. ಊರ ಹುಡುಗರು ಅದರಲ್ಲಿ ಹಾರುತ್ತಿರುತ್ತಾರೆ, ದಿನವೆಲ್ಲ ಪೆಡಲ್ ತುಳಿದ ಕಾಲನ್ನು ಆ ನೀರಲ್ಲಿ ಇಳಿಬಿಟ್ಟರೆ ಏಳುವ ಮನಸ್ಸೇ ಬರುವುದಿಲ್ಲ. ಬುಟ್ಟಿ ಹೊತ್ತ ಹೆಂಗಸರು ಕಂಡರೆ ಬಿಡಬೇಡಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪಲ್ಯ, ಪುಟ್ಟ ಕುಡಿಕೆಯಲ್ಲಿ ಗಟ್ಟಿ ಮೊಸರು. "ಇನ್ನೊಂದು ರೊಟ್ಟಿ ಹಾಕಲೇನ್ರೀ ಅಣ್ಣಾ" ಅಂದಾಗ ಬೇಡ ಅನ್ನುವ ಗಟ್ಟಿತನ ನನಗಂತೂ ಬಂದಿಲ್ಲ.

ಯಾವಾಗ ಹೋಗಬೇಕು ಅಂದರೆ ನವೆಂಬರಿನಿಂದ ಫೆಬ್ರವರಿ ಮೊದಲ ವಾರಗಳವರೆಗೆ. ಮಾರ್ಚ್ ಆದ ಮೇಲೆ ಈ ಬಂಡೆಗಳು ಸಂಜೆಯಾದರೂ ಝಳ ಬಿಡುತ್ತಲೇ ಇರುತ್ತವೆ, ಬೇಡವೇ ಬೇಡ. ಇನ್ನು ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಶುರುವಾಗುತ್ತದೆ. ನಾಟಕ ಕಂಪನಿಗಳು ಬಂದು ಬೀಡುಬಿಡುತ್ತವೆ, ಬಾದಾಮಿ ಸುತ್ತಲಿನ ರಸ್ತೆಯಲ್ಲಿ ಬಂಡಿ, ಟಂಟಂ, ಜನ. ನಾಟಕ ನೋಡಬೇಕಾದರೆ ಖಂಡಿತ ಹೋಗಿ, ಖಾಲಿ ರಸ್ತೆ ಬೇಕಾದರೆ ಆ ದಿನಗಳನ್ನು ಬಿಟ್ಟು ಹೋಗಿ.

ಬಾದಾಮಿಗೆ ಸಂಜೆ ಬಿಸಿಲು ಇಳಿಯುವ ಮೊದಲು ತಲುಪಿದರೆ ಗುಹೆ ನೋಡಬಹುದು, ಮೂರನೆಯ ಗುಹೆ, 578ರ ಶಾಸನ ಇರುವುದು, ಅದೊಂದನ್ನಾದರೂ. ಸೈಕಲ್ ಕೆಳಗೆ ಬಿಡುವಾಗ ಹ್ಯಾಂಡಲ್ ಬ್ಯಾಗ್ ಕಳಚಿಕೊಂಡು ಹೋಗಿ. ಇಲ್ಲಿನ ಮಂಗಗಳಿಗೆ ಜಿಪ್ ತೆಗೆಯುವುದು ಗೊತ್ತು, ಕರದಂಟು ಉಳಿದಿದ್ದರೆ ಅದು ಅವುಗಳ ಪಾಲು.

ಸ್ಟೇಷನ್ ಊರಿನಿಂದ ಸುಮಾರು 5 ಕಿಲೋಮೀಟರ್ ದೂರ, ಕತ್ತಲಲ್ಲಿ ಹೋಗಬೇಕಾಗುತ್ತದೆ, ಮುಂದೆ ಹಿಂದೆ ಎರಡೂ ಲೈಟ್ ಬೇಕು. ಹೋಗುವಾಗ ದೊಡ್ಡ ಸ್ಟೇಷನ್‌ನ ಪಾರ್ಸೆಲ್ ಆಫೀಸಿನಲ್ಲಿ ಸೈಕಲ್ ಬುಕ್ ಮಾಡಿ ಲಗೇಜ್ ವ್ಯಾನಿಗೆ ಹಾಕಿಸುವುದು ಸುಲಭ. ಬಾದಾಮಿಯಲ್ಲಿ ರೈಲು ನಿಲ್ಲುವುದೇ ಸ್ವಲ್ಪ ಹೊತ್ತು, ವ್ಯಾನ್ ಎಲ್ಲಿ ಬಂದು ನಿಲ್ಲುತ್ತದೋ ಅಲ್ಲಿಗೆ ಓಡುವಷ್ಟರಲ್ಲಿ ಸಿಗ್ನಲ್ ಬಿದ್ದಿರುತ್ತದೆ. ಅದಕ್ಕೆ ನಾನು ಪ್ಲಾಟ್‌ಫಾರ್ಮಿನಲ್ಲೇ ಎರಡೂ ಚಕ್ರ ಬಿಚ್ಚಿ, ಚೌಕಟ್ಟಿಗೆ ಹಳೆಯ ಟ್ಯೂಬಿನಿಂದ ಕಟ್ಟಿ, ಬಟ್ಟೆಯ ಚೀಲದಲ್ಲಿ ಹಾಕಿ ಬೋಗಿಯೊಳಗೇ ಇಟ್ಟುಕೊಳ್ಳುತ್ತೇನೆ. ಇಪ್ಪತ್ತು ನಿಮಿಷದ ಕೆಲಸ, ಪೆಡಲ್ ಬಿಚ್ಚಲು 15ರ ಸ್ಪ್ಯಾನರ್ ಮರೆಯಬೇಡಿ.